ಆರಿದ್ರಾ ನಕ್ಷತ್ರವನ್ನು ಡಿಸೆಂಬರ್‌ನಲ್ಲಿ ನೋಡಿ

ಹಾವೇರಿ ಸೀಮೆಯ ಮಕ್ಕಳಿಗೆ ರೋಹಿಣಿ, ಮೃಗಶಿರಾ, ಆರಿದ್ರಾ ಮಳೆಗಳ ಹೆಸರು ಬಾಯಿಪಾಠ. ಆದರೆ ಆರಿದ್ರಾ ಕಣ್ಣಿಗೆ ಕಾಣುವ ನಕ್ಷತ್ರ ಎಂದರೆ ಒಂಬತ್ತನೇ ತರಗತಿಯವರೂ ಬೆರಗಾಗುತ್ತಾರೆ. ಖಭೌತವಿಜ್ಞಾನದ, ಅಂದರೆ ನಕ್ಷತ್ರಗಳ ಭೌತವಿಜ್ಞಾನದ, ಪಾಠವನ್ನು ನಾನು ಅಲ್ಲಿಂದಲೇ ಶುರುಮಾಡುತ್ತೇನೆ.

ಕೂಡಲೇ ಪ್ರಶ್ನೆ ಬರುತ್ತದೆ: "ಸರ್, ಆರಿದ್ರಾ ಮಳಿ ಇದ್ದಾಗ ಆ ಚಿಕ್ಕಿ ಯಾಕ ಕಾಣಂಗಿಲ್ರಿ?" ಒಳ್ಳೆಯ ಪ್ರಶ್ನೆ. ಮೋಡವೊಂದೇ ಕಾರಣವಲ್ಲ. ಜೂನ್ ಕೊನೆಗೆ ನಮಗೆ ಸೂರ್ಯ ಕಾಣುವುದು ಆ ನಕ್ಷತ್ರದ ದಿಕ್ಕಿನಲ್ಲೇ. ಮಳೆಗೆ ಆ ಹೆಸರು ಬಂದದ್ದೂ ಅದರಿಂದಲೇ. ಆರು ತಿಂಗಳು ಕಳೆದರೆ ಭೂಮಿ ಸೂರ್ಯನ ಆಚೆ ಬದಿಗೆ ಬಂದಿರುತ್ತದೆ, ಆರಿದ್ರಾ ರಾತ್ರಿಯಿಡೀ ಕಾಣುತ್ತದೆ. ಡಿಸೆಂಬರ್ ಮಧ್ಯದಲ್ಲಿ ರಾತ್ರಿ ಎಂಟಕ್ಕೆ ಪೂರ್ವಕ್ಕೆ ಮುಖಮಾಡಿ ನಿಲ್ಲಿ. ಸಾಲಾಗಿರುವ ಮೂರು ಚಿಕ್ಕಿಗಳ ಎಡಕ್ಕೆ ಕೆಂಪಗೆ ಹೊಳೆಯುವುದೇ ಆರಿದ್ರಾ, ಅಂದರೆ ಬೀಟಲ್‌ಜ್ಯೂಸ್. ಬಲಕ್ಕೆ ನೀಲಿ ಬಿಳುಪಿನ ರೈಜೆಲ್.

ಯಾವುದು ಹೆಚ್ಚು ಬಿಸಿ? ಬಹಳ ಮಕ್ಕಳು ಕೆಂಪಿನದೇ ಎನ್ನುತ್ತಾರೆ. ಕಂಬಾರರ ಕುಲುಮೆ ನೋಡಿದವರು ಹಾಗೆನ್ನುವುದಿಲ್ಲ: ಕುಡಗೋಲಿನ ಕಬ್ಬಿಣ ಮೊದಲು ಕೆಂಪಾಗಿ, ಇನ್ನೂ ಕಾದರೆ ಹಳದಿಗೆ ತಿರುಗುತ್ತದೆ. ನಕ್ಷತ್ರಕ್ಕೂ ಅದೇ ನಿಯಮ. ಆರಿದ್ರಾದ ಮೇಲ್ಮೈ ಸುಮಾರು 3,300 ಡಿಗ್ರಿ ಸೆಲ್ಸಿಯಸ್, ಸೂರ್ಯನದು 5,500, ರೈಜೆಲ್‌ನದು 12,000ದ ಹತ್ತಿರ. ಬರೀ ಬಣ್ಣ ನೋಡಿ ಶಾಖ ಹೇಳಬಹುದು ಎಂಬುದು ಮಕ್ಕಳಿಗೆ ಒಮ್ಮೆ ಹೊಳೆದರೆ ಸಾಕು, ಮುಂದಿನ ಪಾಠ ತಾನಾಗಿಯೇ ಸಾಗುತ್ತದೆ.

ಅಷ್ಟು ತಣ್ಣಗಿದ್ದೂ ಆರಿದ್ರಾ ಅಷ್ಟು ಬೆಳಗುವುದು ಗಾತ್ರದ ಬಲದಿಂದ. ಸೂರ್ಯನ ಜಾಗದಲ್ಲಿ ಅದನ್ನಿಟ್ಟರೆ ಭೂಮಿಯಷ್ಟೇ ಅಲ್ಲ, ಮಂಗಳವೂ ಅದರ ಹೊಟ್ಟೆಯೊಳಗೆ. ಒಡಲಿನ ನಡುವೆ ಇಂಧನವಾದ ಹೈಡ್ರೋಜನ್ ಮುಗಿದದ್ದರಿಂದ ಅದು ಹೀಗೆ ಉಬ್ಬಿದೆ. ಸೂರ್ಯನಿಗೆ 460 ಕೋಟಿ ವರ್ಷ, ಇದಕ್ಕೆ ಒಂದು ಕೋಟಿಯ ಆಸುಪಾಸು. ಆದರೂ ಮುಪ್ಪು ಇದಕ್ಕೇ ಬಂದಿದೆ, ಏಕೆಂದರೆ ಭಾರ ಹೆಚ್ಚಿದ್ದಷ್ಟೂ ಇಂಧನ ಬೇಗ ತೀರುತ್ತದೆ. 2019ರ ಕೊನೆಗೆ ಇದು ಮಂಕಾದಾಗ ಸಿಡಿದೇಬಿಡುತ್ತದೆ ಎಂದು ಕಾದವರಿದ್ದರು. ಆದರೆ ನಕ್ಷತ್ರ ತಾನೇ ಉಗುಳಿದ ಅನಿಲ ತಣಿದು ಧೂಳಾಗಿ ಬೆಳಕಿಗೆ ಅಡ್ಡ ಬಂದಿತ್ತು, ಅಷ್ಟೇ.

ಆರಿದ್ರಾದ ದೂರ ಅಂದಾಜು 550 ಜ್ಯೋತಿರ್ವರ್ಷ. ಜ್ಯೋತಿರ್ವರ್ಷವೆಂದರೆ ಕಾಲವಲ್ಲ, ಬೆಳಕು ಒಂದು ವರ್ಷದಲ್ಲಿ ಸಾಗುವ 9.46 ಲಕ್ಷ ಕೋಟಿ ಕಿಲೋಮೀಟರ್ ದೂರ. ಈಗ ಕಾಣುವ ಬೆಳಕು ವಿಜಯನಗರದ ಕಾಲದಲ್ಲಿ ಹೊರಟದ್ದು. ಆಂಡ್ರೊಮಿಡಾ ಗೆಲಾಕ್ಸಿಯ ಬೆಳಕು 25 ಲಕ್ಷ ವರ್ಷದ ಹಿಂದಿನದು. 1964ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಪೆಂಜಿಯಾಸ್ ಮತ್ತು ವಿಲ್ಸನ್ ತಮ್ಮ ರೇಡಿಯೊ ಆಂಟೆನಾದಲ್ಲಿ ಕೇಳಿದ ಬಿಡದ ಗುಂಯ್‌ಗುಟ್ಟುವಿಕೆಯೂ ಬೆಳಕೇ, ಈಗ ರೇಡಿಯೊ ಅಲೆಯಾಗಿ ಬರುವಂಥದ್ದು. ಅದು ಎಲ್ಲಕ್ಕಿಂತ ಹಳೆಯದು: ವಿಶ್ವ ಹುಟ್ಟಿ ಸುಮಾರು 3.8 ಲಕ್ಷ ವರ್ಷಕ್ಕೆ ಹೊರಟು, 1380 ಕೋಟಿ ವರ್ಷ ಪಯಣಿಸಿ ಬಂದದ್ದು.