ಕೈಕಾಲು ಆಡ್ತಿದೆ, ಆದ್ರೂ ಕುತ್ತಿಗೆ ಮುರಿದಿದೆ ಅಂತಾರಲ್ಲ ಡಾಕ್ಟ್ರೇ?

ಈ ಸಲ ಗುಬ್ಬಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಅಪ್ಪನಿಗೆ 68 ವರ್ಷ. ಹುಣಸೆಹಣ್ಣು ಬಡಿಯಲು ಮರ ಹತ್ತಿ ಬಿದ್ದರು. ಎದ್ದು ನಡೆದುಕೊಂಡೇ ಮನೆಗೆ ಬಂದರು. ತುಮಕೂರಿನಲ್ಲಿ ಸ್ಕ್ಯಾನ್ ಮಾಡಿ ಕುತ್ತಿಗೆಯ ಎರಡನೇ ಮೂಳೆ ಮುರಿದಿದೆ ಅಂದರು. ಕೈಕಾಲು ಚೆನ್ನಾಗಿ ಆಡುವಾಗ ಇದು ಹೇಗೆ ಸಾಧ್ಯ? ಆಪರೇಷನ್ ಬೇಕೇ ಬೇಕಾ?"

ಮೊದಲ ಪ್ರಶ್ನೆಗೆ ವಾರ್ಡಿನಲ್ಲಿ, ಮದುವೆಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಇರಲಿ, ಇನ್ನೊಮ್ಮೆ.

ಮೂಳೆ ಬೇರೆ, ಬೆನ್ನುಹುರಿ ಬೇರೆ. ಕೈಕಾಲು ಆಡಿಸುವುದು ಹುರಿ. ತೋಟದಲ್ಲಿ ಮೋಟಾರಿನ ವೈರನ್ನು ಪೈಪಿನೊಳಗೆ ಹಾಯಿಸಿ ಹೂತಿರುತ್ತೀರಲ್ಲ? ಟ್ರಾಕ್ಟರ್ ಹತ್ತಿ ಪೈಪು ಒಡೆದರೂ ವೈರು ತುಂಡಾಗದಿದ್ದರೆ ಮೋಟಾರ್ ಓಡುತ್ತಲೇ ಇರುತ್ತದೆ. ಮೋಟಾರ್ ಓಡ್ತಿದೆ, ಹಾಗಾಗಿ ಪೈಪು ಒಡೆದಿಲ್ಲ ಅಂತ ವಾದ ಮಾಡ್ತೀರಾ? ಕುತ್ತಿಗೆ ವಿಷಯದಲ್ಲಿ ಮಾತ್ರ ಎಲ್ಲರೂ ಅದನ್ನೇ ಮಾಡುತ್ತಾರೆ.

ಅದರಲ್ಲೂ ಕುತ್ತಿಗೆಯ ಮೇಲ್ಭಾಗದಲ್ಲಿ ಜಾಗ ಧಾರಾಳ. ಒಟ್ಟು 7 ಮೂಳೆಗಳಿವೆ. ಮೊದಲನೆಯದು ಬಳೆಯ ಹಾಗೆ. ಎರಡನೆಯದರಿಂದ ಹಲ್ಲಿನಂಥ ಒಂದು ಗೂಟ ಎದ್ದು ಆ ಬಳೆಯೊಳಗೆ ನಿಂತಿರುತ್ತದೆ. ಬಳೆಯ ಒಳಜಾಗದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಗೂಟಕ್ಕೆ, ಒಂದು ಪಾಲು ಹುರಿಗೆ, ಇನ್ನೊಂದು ಪಾಲು ಖಾಲಿ. ನಿಮ್ಮ ತಂದೆಯನ್ನು ಮನೆತನಕ ನಡೆಸಿದ್ದು ಆ ಖಾಲಿ ಪಾಲು! ಕೆಳಗಿನ ಮೂಳೆಗಳಲ್ಲಿ ಇಷ್ಟು ಸಡಿಲ ಇಲ್ಲ. ತೆಂಗಿನ ಮರದಿಂದ ಬೀಳುವ, ಹೈವೇಯಲ್ಲಿ ಬೈಕಿನಿಂದ ಹಾರಿ ಬೀಳುವ ಹುಡುಗರಿಗೆ ಹೆಚ್ಚಾಗಿ 5, 6, 7ನೇ ಮೂಳೆಗೇ ಪೆಟ್ಟು. ಅಲ್ಲಿ ಮೂಳೆ ಜಾರಿದರೆ ಹುರಿ ನಜ್ಜಾಗುವುದು ಬೇಗ. ವಯಸ್ಸಾದವರಿಗೆ ಮರವೂ ಬೇಡ, ಬಚ್ಚಲಲ್ಲಿ ಜಾರಿದರೂ ಆ ಗೂಟ ಮುರಿಯುತ್ತದೆ.

"ಎಲ್ಲಿ, ಕುತ್ತಿಗೆ ತಿರುಗಿಸು ನೋಡೋಣ" ಅನ್ನುವವರು ಪ್ರತಿ ಊರಲ್ಲೂ ಇದ್ದಾರೆ. ದಯವಿಟ್ಟು ಬೇಡ. ಎಣ್ಣೆ ಹಚ್ಚಿ ನೀವುವುದೂ ಬೇಡ. ಹುರಿ ಇನ್ನೂ ಚೆನ್ನಾಗಿದೆ ಅನ್ನುವುದೇ ಅಲುಗಾಡಿಸದೆ ಇರಲು ಕಾರಣ. ಬಿದ್ದ ಮೇಲೆ ಕುತ್ತಿಗೆ ನಡುವೆ ನೋವಿದ್ದರೆ ಮಲಗಿಸಿ, ತಲೆ ಹಿಡಿದುಕೊಳ್ಳಿ, 108ಕ್ಕೆ ಫೋನ್ ಮಾಡಿ. ಬರೀ ಎಕ್ಸ್‌ರೇ ನೋಡಿ ಸಮಾಧಾನಪಡಬೇಡಿ. ದಪ್ಪ ಭುಜದವರಲ್ಲಿ 7ನೇ ಮೂಳೆ ಅದರಲ್ಲಿ ಕಾಣುವುದೇ ಇಲ್ಲ. ಮೂಳೆಗೆ ಸಿಟಿ ಸ್ಕ್ಯಾನ್ ಬೇಕು, ಹುರಿ ನೋಡಲು ಎಂಆರ್‌ಐ.

ಇನ್ನು ಆಪರೇಷನ್. ಮುರಿದ ಎಲ್ಲ ಕುತ್ತಿಗೆಗೂ ಬೇಕಿಲ್ಲ. ಚೂರುಗಳು ಜರುಗದೆ ಇದ್ದಲ್ಲೇ ಇದ್ದರೆ ಗಟ್ಟಿ ಕಾಲರ್ ಹಾಕಿ ಎರಡು ಮೂರು ತಿಂಗಳು ಕಾಯುತ್ತೇವೆ. ಮೆಡಿಕಲ್ ಶಾಪಿನ ಸ್ಪಂಜಿನ ಬೆಲ್ಟ್ ಇದಕ್ಕೆ ಆಗಲ್ಲ, ಅದು ಕುತ್ತಿಗೆಯನ್ನು ಹಿಡಿಯುವುದೇ ಇಲ್ಲ. ಮೂಳೆ ಜಾರಿದ್ದರೆ, ಹುರಿ ಒತ್ತಿದ್ದರೆ ಪ್ಲೇಟು, ಸ್ಕ್ರೂ ಹಾಕಲೇಬೇಕು. ಗೂಟ ಬುಡದಲ್ಲಿ ಮುರಿದರೆ ವಯಸ್ಸಾದವರಲ್ಲಿ ಕೂಡಿಕೊಳ್ಳುವುದು ಕಷ್ಟ. ಆಪರೇಷನ್ ತಡೆದುಕೊಳ್ಳುವ ಶಕ್ತಿ ಇದೆಯಾ ಅಂತಲೂ ನೋಡಬೇಕು. ಎಷ್ಟೋ ಅಜ್ಜ ಅಜ್ಜಿಯರು ಮೂಳೆ ಪೂರ್ತಿ ಕೂಡದೆಯೂ ಆರಾಮಾಗಿ ಓಡಾಡಿಕೊಂಡಿದ್ದಾರೆ. ನಿಮ್ಮ ತಂದೆಯದು ಯಾವ ಬಗೆ ಅಂತ ಸ್ಕ್ಯಾನ್ ನೋಡಿದವರನ್ನೇ ಕೇಳಿ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಕಟಿಂಗ್ ಮುಗಿದ ಮೇಲೆ ಸೆಲೂನಿನಲ್ಲಿ ತಲೆ ಹಿಡಿದು ಲಟಕ್ ಅನಿಸುತ್ತಾರಲ್ಲ, ಹಾಯ್ ಅನಿಸುತ್ತೆ, ನಿಜ. ಆದರೆ ಕುತ್ತಿಗೆ ಮೂಳೆಗಳ ತೂತುಗಳೊಳಗಿಂದ ಮಿದುಳಿಗೆ ಎರಡು ರಕ್ತನಾಳ ಹೋಗುತ್ತವೆ. ಜೋರಾಗಿ ತಿರುಚಿದಾಗ ಅಪರೂಪಕ್ಕೆ ಅವುಗಳ ಒಳಪದರ ಹರಿದು ಸ್ಟ್ರೋಕ್ ಆಗುವುದುಂಟು. ನಾನಂತೂ ಕುರ್ಚಿಯಲ್ಲಿ ಕೂತ ತಕ್ಷಣ ಹೇಳಿಬಿಡುತ್ತೇನೆ: ಕಟಿಂಗ್ ಮಾತ್ರ ಕಣಪ್ಪಾ.