ಹವಳಕ್ಕೆ ಗುರಿ ಇಡುವಾಗ ಯಾರ ಕೈಯಲ್ಲಿ ಏನಿದೆ ನೋಡಿ

ನನ್ನ ಊರು ಕೊಡಗು, ಕೆಲಸ ಮಾತ್ರ ಸಮುದ್ರದ್ದು. ಹವಳ ದಿಬ್ಬಗಳ ನಿರ್ವಹಣಾ ಯೋಜನೆಗಳನ್ನು ಓದಿ ಅಭಿಪ್ರಾಯ ಹೇಳುವುದು ಅದರ ಒಂದು ಭಾಗ. ಯೋಜನೆ ಯಾವ ಕಡಲಿನದ್ದೇ ಆಗಲಿ, ಮೊದಲ ಪುಟದ ಸಾಲು ಹೆಚ್ಚುಕಡಿಮೆ ಒಂದೇ: ‘ಇಂಥ ವರ್ಷದೊಳಗೆ ಜೀವಂತ ಹವಳದ ಹೊದಿಕೆಯನ್ನು (ಕಡಲತಳದ ಎಷ್ಟು ಭಾಗವನ್ನು ಹವಳ ಮುಚ್ಚಿದೆ ಎಂಬ ಲೆಕ್ಕ) ಶೇಕಡಾ ಇಷ್ಟಕ್ಕೆ ಏರಿಸುವುದು’. ನಾನು ಮೊದಲ ಕೆಂಪು ಗೆರೆ ಎಳೆಯುವುದೂ ಅಲ್ಲೇ.

ಆ ಸಂಖ್ಯೆ ಯೋಜನೆ ಬರೆದವರ ಕೈಯಲ್ಲಿಲ್ಲ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಹವಳದ ಊಟದ ಬಹುಪಾಲು ಬರುವುದು ಆ ಪಾಚಿಯಿಂದಲೇ. ಅಲ್ಲಿನ ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ನೀರು ಒಂದು ಡಿಗ್ರಿ ಸೆಲ್ಸಿಯಸ್ ಜಾಸ್ತಿಯಾಗಿ ನಾಲ್ಕು ವಾರ ನಿಂತರೆ ಸಾಕು, ಹವಳ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬೇಗ ತಣ್ಣಗಾದರೆ ಚೇತರಿಸಿಕೊಳ್ಳುತ್ತದೆ. ಎಂಟು ವಾರ ಎಳೆದರೆ ಸಾವು ಜಾಸ್ತಿ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗೆ ಬಿಳಿಚಿತು. ಅಲ್ಲಿನ ರಾಜಧಾನಿ ಕವರತ್ತಿಯ ಕಚೇರಿಯಲ್ಲಿ ಕೂತವರು ಅರಬ್ಬಿ ಸಮುದ್ರಕ್ಕೆ ಫ್ಯಾನ್ ಹಾಕೋಕೆ ಆಗುತ್ತದಾ?

ನಮ್ಮ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾರ್ಚ್‌ನಲ್ಲಿ ಕಾಫಿ ಅರಳಿಸುವ ಹೂಮಳೆ ಬೀಳಲಿ ಅಂತ ಎಲ್ಲರೂ ಕಾಯುತ್ತಾರೆ, ಇಂಚು–ಸೆಂಟು ಲೆಕ್ಕ ಬರೆದಿಡುತ್ತಾರೆ. ಆದರೆ ಆ ಇಂಚನ್ನೇ ವರ್ಷದ ಗುರಿ ಅಂತ ಯಾರೂ ಇಡುವುದಿಲ್ಲ. ಕೆರೆಯ ಹೂಳೆತ್ತುತ್ತಾರೆ, ಸ್ಪ್ರಿಂಕ್ಲರ್ ರಿಪೇರಿ ಮಾಡಿಸುತ್ತಾರೆ. ಹವಳದ ಹೊದಿಕೆಯನ್ನೂ ಹಾಗೇ ತಪ್ಪದೆ ಅಳೆದು ಬರೆದಿಡಬೇಕು. ಗುರಿ ಮಾತ್ರ ಬೇರೆ ಕಡೆ ಇರಬೇಕು.

ಜೀವವೈವಿಧ್ಯ ಉಳಿಸಲು 2010ರಲ್ಲಿ ಹೆಚ್ಚುಕಡಿಮೆ ಎಲ್ಲ ದೇಶಗಳೂ ಒಪ್ಪಿದ ಐಚಿ ಗುರಿಗಳಲ್ಲಿ ಹತ್ತನೆಯದು ಹವಳಕ್ಕೆ ಸಂಬಂಧಿಸಿದ್ದು. ಮನುಷ್ಯರಿಂದ ಬೀಳುವ ಒತ್ತಡವನ್ನು 2015ರೊಳಗೆ ಆದಷ್ಟು ಕಡಿಮೆ ಮಾಡುವುದು ಅಂತ ಇತ್ತು. ಯಾವ ಒತ್ತಡ, ಎಷ್ಟು, ಯಾರು ಮಾಡಬೇಕು? ಅದಿರಲಿಲ್ಲ. 2015 ಬಂತು, ಹೋಯಿತು.

ಆಸ್ಟ್ರೇಲಿಯಾದವರು ಗ್ರೇಟ್ ಬ್ಯಾರಿಯರ್ ರೀಫ್‌ಗೆ ಬರೆದದ್ದು ಬೇರೆ ಥರ. ಮನುಷ್ಯರ ಚಟುವಟಿಕೆಯಿಂದ ನದಿಗಳಿಗೆ ಸೇರಿ ಕಡಲಿಗೆ ಬರುವ ಕರಗಿದ ಸಾರಜನಕ ಶೇ 60, ನುಣ್ಣನೆಯ ಮಣ್ಣು ಶೇ 25 ಕಡಿಮೆಯಾಗಬೇಕು, 2025ರೊಳಗೆ. ಇದು ಕಬ್ಬಿನ ಗದ್ದೆಗೆ ಎಷ್ಟು ಗೊಬ್ಬರ ಹಾಕುತ್ತೀರಿ, ದನ ಮೇಯುವ ಕಡೆ ಕೊರಕಲು ಬಿದ್ದಿದೆಯಾ ಎಂಬಲ್ಲಿಗೆ ಬಂದು ಮುಟ್ಟುತ್ತದೆ. ಕೆಲಸದ ವೇಗ ಸಾಲಲಿಲ್ಲ, ನಿಜ. ಆದರೆ ಯಾವ ನದಿಯ ಕಡೆ ಸಾಲಲಿಲ್ಲ ಅಂತ ಬೊಟ್ಟು ಮಾಡಿ ತೋರಿಸಬಹುದು. ನನ್ನ ಮಟ್ಟಿಗೆ ಇದೇ ಗುರಿಯ ಯೋಗ್ಯತೆ.

ಇಲ್ಲಿಗೆ ಬಂದಾಗ ಕೆಲವರು ಕೇಳುತ್ತಾರೆ: 2018ರಲ್ಲಿ ನಮ್ಮ ಗುಡ್ಡ ಕುಸಿದ ಮಣ್ಣು ಹವಳದ ಮೇಲೂ ಹೋಗಿ ಕೂತಿತಾ? ಒಳ್ಳೆಯ ಪ್ರಶ್ನೆ. ಮಕ್ಕಂದೂರು ಕಡೆಯ ಮಣ್ಣಿನ ದಾರಿ ಹಾರಂಗಿ ಜಲಾಶಯಕ್ಕೆ. ಜೋಡುಪಾಲದ್ದು ಪಯಸ್ವಿನಿ ಹಿಡಿದು ಕಾಸರಗೋಡಿನ ಕಡಲಿಗೆ. ಲಕ್ಷದ್ವೀಪ ಇರುವುದು ಕೇರಳದ ಕರಾವಳಿಯಿಂದ 200 ಕಿಲೋಮೀಟರಿಗೂ ಆಚೆ, ಆಳದ ನೀರಿನಲ್ಲಿ. ಅಲ್ಲಿಗೆ ನದಿ ಮಣ್ಣಿನ ಗುರಿ ಬರೆದರೆ ಕಾಗದ ದಂಡ. ಮನ್ನಾರ್ ಖಾರಿಯ ಕಥೆಯೇ ಬೇರೆ. ರಾಮೇಶ್ವರದಿಂದ ತೂತ್ತುಕುಡಿವರೆಗೆ ಕರಾವಳಿಗೆ ಅಂಟಿಕೊಂಡಂತೆ 21 ದ್ವೀಪಗಳು. 1986ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಆಮೇಲೂ ಹವಳ ಕಿತ್ತು ಸುಣ್ಣಕ್ಕೆ ಒಯ್ಯುವುದು ವರ್ಷಗಟ್ಟಲೆ ನಡೆಯಿತು. ಅಲ್ಲಿ ಕೊಳಚೆ ನೀರು, ತಳ ಗೀರುವ ಬಲೆ, ಬಲೆಯ ತುಂಡುಗಳ ಲೆಕ್ಕ ಬೇಕು. ಎರಡಕ್ಕೂ ಒಂದೇ ಗುರಿಪಟ್ಟಿ ಅಂಟಿಸಿದ ಕರಡುಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪ್ರದೇಶ ಅಂದರೆ ನೀರು ಮತ್ತು ತೊಂದರೆ ಎಲ್ಲಿಂದ ಎಲ್ಲಿಗೆ ಹೋಗುತ್ತದೋ ಅಷ್ಟು. ರಾಜ್ಯದ ಗಡಿ ನೋಡಿ ಗೆರೆ ಎಳೆದರೆ ಪ್ರಯೋಜನವಿಲ್ಲ.

ಹಾಗಾದರೆ ಲಕ್ಷದ್ವೀಪಕ್ಕೆ ಏನು ಬರೆಯಬೇಕು? ನಾನಾದರೆ ಮೀನಿನಿಂದ ಶುರು ಮಾಡುತ್ತೇನೆ. ಹವಳ ಸತ್ತ ಕಲ್ಲಿನ ಮೇಲೆ ಬೇರೆ ಬಗೆಯ ಪಾಚಿ ಬೆಳೆದರೆ ಮರಿ ಹವಳ ಹಿಡಿದುಕೊಳ್ಳಲು ಜಾಗ ಸಿಗುವುದಿಲ್ಲ. ಗಿಳಿಮೀನಿನಂಥವು ಆ ಪಾಚಿ ಕೆರೆದು ತಿನ್ನುತ್ತವೆ. ಕೆರೀಬಿಯನ್‌ನಲ್ಲಿ 1983–84ರಲ್ಲಿ ಪಾಚಿ ತಿನ್ನುವ ಕಡಲಮುಳ್ಳುಗಳು (ಮುಳ್ಳಿನ ಚೆಂಡಿನಂಥ ಜೀವಿ, ಸೀ ಅರ್ಚಿನ್) ರೋಗದಿಂದ ಸತ್ತವು. ಮೀನು ಮೊದಲೇ ಹಿಡಿದು ಖಾಲಿಯಾಗಿದ್ದ ಕಡೆ ಪಾಚಿ ದಿಬ್ಬವನ್ನೇ ನುಂಗಿತು. ಬೆಲೀಜ್ 2009ರಲ್ಲಿ ಗಿಳಿಮೀನು ಹಿಡಿಯುವುದನ್ನೇ ನಿಷೇಧಿಸಿತು. ಲಕ್ಷದ್ವೀಪದವರು ಹೊರ ಕಡಲಿನಲ್ಲಿ ಗಾಳದಿಂದ ಟ್ಯೂನಾ ಹಿಡಿಯುವವರು. ಹಾಗಾಗಿ ದಿಬ್ಬದ ಮೀನಿನ ಮೇಲೆ ಒತ್ತಡ ಬಹುಕಾಲ ಕಡಿಮೆಯಿತ್ತು. ಅದು ಕಾನೂನಿನಿಂದ ಬಂದ ರಕ್ಷಣೆ ಅಲ್ಲ. ಹೊರಗಿನ ವ್ಯಾಪಾರಿ ಒಳ್ಳೆ ಬೆಲೆ ಕೊಟ್ಟರೆ ಬದಲಾಗಬಹುದು. ಹಾಗಾಗಿ ಗುರಿ ಹೀಗಿರಲಿ: ಪಾಚಿ ತಿನ್ನುವ ಮೀನಿನ ಒಟ್ಟು ತೂಕ ಇಂದಿನ ಮಟ್ಟಕ್ಕಿಂತ ಇಳಿಯಬಾರದು. ಇಳಿದರೆ ಯಾವ ಲಗೂನಿನಲ್ಲಿ (ದಿಬ್ಬದ ಒಳಗಿನ ಆಳವಿಲ್ಲದ ನೀರು), ಯಾವ ತಿಂಗಳು ಬಲೆ ನಿಲ್ಲಬೇಕು ಎಂಬುದನ್ನು ಮೀನುಗಾರರ ಜೊತೆ ಕೂತು ಮೊದಲೇ ಬರೆದಿಡಬೇಕು. ಇಳಿದ ಮೇಲೆ ಮೀಟಿಂಗ್ ಕರೆದರೆ ಜಗಳವಷ್ಟೇ ಆಗುವುದು, ಅಲ್ವಾ?

ಇನ್ನೊಂದು, ಎಲ್ಲಾ ದಿಬ್ಬಗಳನ್ನೂ ಒಂದೇ ಸಲ ಕಳೆದುಕೊಳ್ಳದಂತೆ ರಕ್ಷಿತ ಜಾಗಗಳನ್ನು ಬೇರೆ ಬೇರೆ ಕಡೆ ಹಂಚುವುದು. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 2004ರಲ್ಲಿ ಮೀನು ಹಿಡಿಯಬಾರದ ಜಾಗವನ್ನು ಶೇ 5ಕ್ಕಿಂತ ಕಡಿಮೆಯಿಂದ ಶೇ 33ಕ್ಕೆ ಏರಿಸಿದರು. ಆ ದೊಡ್ಡ ಸಂಖ್ಯೆಗಿಂತ ಅದರ ಹಿಂದಿನ ನಿಯಮ ನನಗೆ ಇಷ್ಟ. ಕಡಲನ್ನು 70 ಬಗೆಯ ಜೀವಪ್ರದೇಶಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲೂ ಕನಿಷ್ಠ ಶೇ 20 ಅಂತ ಇಟ್ಟರು. ಯಾರಿಗೂ ಬೇಡದ ಮೂಲೆಯನ್ನು ಸುಮ್ನೆ ಸೇರಿಸಿ ಲೆಕ್ಕ ತುಂಬಿಸಲು ಆಗಲಿಲ್ಲ.

ಅವಧಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕವಲು ಹವಳ ವರ್ಷಕ್ಕೆ 10 ಸೆಂಟಿಮೀಟರ್ ಬೆಳೆದೀತು, ಗುಂಡು ಹವಳ ಸುಮಾರು ಒಂದು. ಐದು ವರ್ಷದ ಯೋಜನೆ ಹವಳದ ಗುರಿ ಇಟ್ಟುಕೊಂಡರೆ ಅದು ಅಳೆಯುವುದು ಅದೃಷ್ಟವನ್ನು.

ನಮ್ಮ ರಾಜ್ಯದ ಮಟ್ಟಿಗೆ ಹವಳ ನೋಡಲು ಹತ್ತಿರದ ಜಾಗ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪ. ಕೊಡಗಿನ ಹುಡುಗರೂ ಅಲ್ಲಿ ಡೈವಿಂಗ್‌ಗೆ ಹೋಗುತ್ತಾರೆ. ಹೋದರೆ ಬೋಟಿನವರನ್ನು ಕೇಳಿ: ಲಂಗರು ಎಲ್ಲಿ ಹಾಕುತ್ತೀರಿ, ಕಟ್ಟಲು ತೇಲುಗುಂಡು ಇದೆಯಾ ಅಂತ. ನೇತ್ರಾಣಿಗೆ ನಾನು ಬರೆಯುವ ಮೊದಲ ಗುರಿ ಅದೇ, ಹವಳದ ಮೇಲೆ ಒಂದೂ ಲಂಗರು ಬೀಳಬಾರದು. ಅದಕ್ಕೆ ಹತ್ತು ವರ್ಷ ಬೇಡ, ಮುಂದಿನ ಸೀಸನ್‌ಗೇ ಲೆಕ್ಕ ಸಿಗುತ್ತದೆ.