ಗ್ರೀಸ್ ಪ್ಲಾನ್ ಮಾಡುವಾಗ ಕೊನೇ ದಿನ ಮೊದಲು ಬರೆಯಿರಿ

ಗ್ರೀಸ್‌ಗೆ ಹೋಗಬೇಕು ಅಂತ ನಮ್ಮ ಟ್ರಾವೆಲ್ ಆಫೀಸಿಗೆ ಬರುವವರು ಹೆಚ್ಚಾಗಿ ಒಂದು ಚೀಟಿ ಹಿಡಿದೇ ಬರುತ್ತಾರೆ. ಅಥೆನ್ಸ್ ಎರಡು ದಿನ, ಆಮೇಲೆ ದ್ವೀಪಗಳು: ಮಿಕೊನೋಸ್ ಎರಡು, ಪಾರೋಸ್ ಒಂದು, ಸ್ಯಾಂಟೊರಿನಿ ಎರಡು. ಕೊನೇ ದಿನ ಬೆಳಿಗ್ಗೆ ಸ್ಯಾಂಟೊರಿನಿಯಿಂದ ಹಡಗು, ರಾತ್ರಿ ಅಥೆನ್ಸ್‌ನಿಂದ ವಿಮಾನ. ನಾನು ಮೊದಲು ಹೊಡೆದುಹಾಕುವುದು ಆ ಕೊನೇ ಸಾಲನ್ನೇ.

ಕಾರಣ, ಗಾಳಿ. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಜೋರು ಗಾಳಿ ಬೀಸುತ್ತದೆ. ಅಲ್ಲಿಯವರು ಅದಕ್ಕೆ ಮೆಲ್ಟೆಮಿ ಅನ್ನುತ್ತಾರೆ. ಮಳೆ ಇರುವುದಿಲ್ಲ, ಮೋಡವೂ ಇರುವುದಿಲ್ಲ. ಆದರೂ ಗಾಳಿ ಮಿತಿ ಮೀರಿದರೆ ಹಡಗುಗಳನ್ನು ಬಂದರಿನಲ್ಲೇ ನಿಲ್ಲಿಸಿಬಿಡುತ್ತಾರೆ. ಕೆಲವು ವರ್ಷಗಳ ಹಿಂದೆ ನಾನೇ ಹಾಕಿಕೊಟ್ಟ ಪ್ಲಾನ್‌ನಲ್ಲಿ ನಾಲ್ಕು ಜನರ ಕುಟುಂಬವೊಂದು ನಾಕ್ಸೋಸ್ ದ್ವೀಪದಲ್ಲಿ ಸಿಕ್ಕಿಕೊಂಡಿತು. "ಸಾರ್, ಬಿಸಿಲು ಚೆನ್ನಾಗಿ ಹೊಡೀತಿದೆ, ಹಡಗು ಯಾಕೆ ಬಿಡ್ತಿಲ್ಲ?" ಅಂತ ಯಜಮಾನರು ಫೋನ್ ಮಾಡಿದ್ದರು. ಹಡಗಿನ ದುಡ್ಡು ವಾಪಸ್ ಬಂತು. ವಿಮಾನದ್ದು ಬರಲಿಲ್ಲ. ತಪ್ಪು ನನ್ನದೇ. ಅವತ್ತಿನಿಂದ, ಯಾವ ದ್ವೀಪಕ್ಕೆ ಹೋದರೂ ಕೊನೇ ರಾತ್ರಿ ಅಥೆನ್ಸ್‌ನಲ್ಲೇ ಅಂತ ಮೊದಲು ಬರೆದು, ಆಮೇಲೆ ಹಿಂದಕ್ಕೆ ಲೆಕ್ಕ ಹಾಕುತ್ತೇನೆ.

ಹಾಗೆ ಲೆಕ್ಕ ಹಾಕಿದಾಗ ಮೂರು ದ್ವೀಪ ಎರಡಾಗುತ್ತದೆ. ಆಗಲಿ ಬಿಡಿ. ದ್ವೀಪ ಬದಲಿಸುವ ದಿನ ಅರ್ಧ ಹೋದ ಹಾಗೇ. ಬೆಳಿಗ್ಗೆ ರೂಮ್ ಖಾಲಿ ಮಾಡಿ, ಪೆಟ್ಟಿಗೆ ಎಳೆದುಕೊಂಡು ಬಂದರಿಗೆ ಹೋಗಿ, ಬಿಸಿಲಲ್ಲಿ ಕಾಯಬೇಕು. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ಸ್ಯಾಂಟೊರಿನಿಗೆ ದೊಡ್ಡ ಹಡಗಿನಲ್ಲಿ ಸುಮಾರು 8 ಗಂಟೆ, ಸ್ಪೀಡ್ ಹಡಗಿನಲ್ಲಿ 5 ಗಂಟೆ. ವಯಸ್ಸಾದವರು, ಬಸ್ಸಿನಲ್ಲೇ ವಾಂತಿ ಮಾಡುವ ಮಕ್ಕಳು ಜೊತೆಗಿದ್ದರೆ ನಾನು ದೊಡ್ಡದನ್ನೇ ಬುಕ್ ಮಾಡುತ್ತೇನೆ. ಅಲುಗಾಟ ಕಡಿಮೆ, ಡೆಕ್ ಮೇಲೆ ಓಡಾಡಬಹುದು.

ಹಾಗಾದರೆ ಯಾವಾಗ ಹೋಗಬೇಕು? ನಮ್ಮ ಅದೃಷ್ಟಕ್ಕೆ ಮೇ ತಿಂಗಳ ಶಾಲಾ ರಜೆಯೂ ದಸರಾ ರಜೆಯೂ ಗ್ರೀಸ್‌ಗೆ ಹೇಳಿ ಮಾಡಿಸಿದ ಹಾಗಿವೆ. ಆಗಸ್ಟ್ ಮಾತ್ರ ಬೇಡ. ಆಗಸ್ಟ್ 15 ಅಲ್ಲಿ ಮೇರಿ ಮಾತೆಯ ದೊಡ್ಡ ಹಬ್ಬ. ಊರಿಗೆ ಹೋಗುವವರು, ಟಿನೋಸ್ ದ್ವೀಪಕ್ಕೆ ಹರಕೆ ತೀರಿಸಲು ಹೋಗುವವರು ಎಲ್ಲ ಸೇರಿ, ನಮ್ಮ ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್ ಇರುತ್ತದಲ್ಲ, ಬಂದರು ಹಾಗಿರುತ್ತದೆ. ಬಿಸಿಲು ವಿಪರೀತವಾದರೆ ಅಥೆನ್ಸ್‌ನ ಗುಡ್ಡದ ಮೇಲಿನ ಪ್ರಾಚೀನ ದೇಗುಲಗಳ ತಾಣ ಆಕ್ರೊಪೊಲಿಸ್ ಅನ್ನೇ ಮಧ್ಯಾಹ್ನ ಮುಚ್ಚುತ್ತಾರೆ. 2023ರಲ್ಲೂ 2024ರಲ್ಲೂ ಮುಚ್ಚಿದ್ದರು. ಅಲ್ಲಿಗೆ ಟಿಕೆಟ್ ಕೂಡ ಇಂಥ ಗಂಟೆಗೆ ಅಂತಲೇ ಕೊಡುವುದು. ಬೆಳಿಗ್ಗೆ 8ರದ್ದು ತೆಗೆದುಕೊಳ್ಳಿ. ಜನ ನಡೆದು ನಡೆದು ಅಮೃತಶಿಲೆ ನುಣ್ಣಗಾಗಿದೆ, ಚಪ್ಪಲಿ ಬೇಡ, ಶೂ ಹಾಕಿ.

ವೀಸಾ ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ಇಟಲಿಯನ್ನೂ ಸೇರಿಸಿಕೊಂಡರೆ, ಜಾಸ್ತಿ ದಿನ ಎಲ್ಲಿರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. 6 ತಿಂಗಳು ಮೊದಲೇ ಹಾಕಬಹುದು. ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಇರಲಿ.

ಇನ್ನು ಊಟ. ಸಸ್ಯಾಹಾರಿಗಳಿಗೆ ಗ್ರೀಸ್‌ನಲ್ಲಿ ಉಪವಾಸ ಬೀಳುವ ಭಯ ಬೇಡ. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ವರ್ಷದಲ್ಲಿ ಎಷ್ಟೋ ದಿನ ಮಾಂಸ, ಮೊಟ್ಟೆ, ಹಾಲು ಬಿಟ್ಟು ವ್ರತ ಮಾಡುತ್ತಾರೆ. ಆ ಅಡುಗೆಗೆ ನಿಸ್ತೀಸಿಮೊ ಅನ್ನುತ್ತಾರೆ. ಆದರೆ ವ್ರತದಲ್ಲಿ ಸೀಗಡಿ, ಆಕ್ಟೋಪಸ್ ನಡೆಯುತ್ತದೆ, ಅವು ಇಲ್ಲ ತಾನೇ ಅಂತ ಕೇಳಿಕೊಳ್ಳಿ. ಸ್ಯಾಂಟೊರಿನಿಯ ಫಾವಾ ಅನ್ನುವುದು ಹಳದಿ ಕಾಳನ್ನು ನುಣ್ಣಗೆ ಬೇಯಿಸಿ ಆಲಿವ್ ಎಣ್ಣೆ, ಹಸಿ ಈರುಳ್ಳಿ ಹಾಕಿದ ಗಟ್ಟಿ ತೊವ್ವೆ, ಅಷ್ಟೇ. ಟೊಮೆಟೊ, ದಪ್ಪ ಮೆಣಸಿನಕಾಯಿಯೊಳಗೆ ಅನ್ನ ತುಂಬಿದ ಗೆಮಿಸ್ತಾ ಕೂಡ ಸಿಗುತ್ತದೆ. ಕೆಲವರು ಅದಕ್ಕೆ ಕೈಮಾ ಸೇರಿಸುತ್ತಾರೆ. ಮಾಂಸ ಇದೆಯಾ ಅಂತ ಕೇಳಿದಾಗ ಹೋಟೆಲಿನವನು "ನೆ" ಅಂದರೆ ಇಲ್ಲ ಅಂದುಕೊಂಡು ತಿಂದುಬಿಡಬೇಡಿ. ಗ್ರೀಕ್‌ನಲ್ಲಿ "ನೆ" ಅಂದರೆ ಹೌದು.